ಹಗುರ ಕಾರಿಗೆ ಎಂಥ ಚಕ್ರ?

ಸ್ಪೋರ್ಟ್ಸ್ ಕಾರು ಕೊಂಡವರು ಮೊದಲು ಬದಲಿಸುವುದು ಬಹುಮಟ್ಟಿಗೆ ಚಕ್ರಗಳನ್ನೇ. ಎಂಜಿನ್ ಬಿಚ್ಚಬೇಕಿಲ್ಲ, ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ಕಾರಿನ ಕಳೆಯೇ ಬದಲಾಗುತ್ತದೆ. ಅಂಗಡಿಗಳಲ್ಲಿ ಸಿಗುವ ಸಲಹೆಯೂ ಹೆಚ್ಚುಕಡಿಮೆ ಒಂದೇ: ಕಂಪನಿ ಕೊಟ್ಟಿದ್ದಕ್ಕಿಂತ ಒಂದೆರಡು ಇಂಚು ದೊಡ್ಡ ಅಲಾಯ್ ವೀಲ್ ಹಾಕಿಸಿ, ಟೈರನ್ನೂ ಅಗಲ ಮಾಡಿಸಿ. ಎರಡು ಟನ್ ತೂಗುವ ಎಸ್‌ಯುವಿಯಲ್ಲಿ ಇದರಿಂದಾಗುವ ಕೇಡು ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದು ಟನ್ನಿನ ಆಸುಪಾಸಿನ ಕಾರಿನಲ್ಲಿ ಮಾತ್ರ, ಯಾವ ಗುಣ ಮೆಚ್ಚಿ ಅದನ್ನು ಕೊಂಡರೋ ಆ ಗುಣಕ್ಕೇ ಪೆಟ್ಟು ಬೀಳುತ್ತದೆ. ಹಗುರ ಕಾರಿಗೆ ತಕ್ಕದ್ದು ಬ್ರೇಕಿಗೆ ತಾಗದಷ್ಟು ಮಾತ್ರ ದೊಡ್ಡದಾದ, ಗಟ್ಟಿತನ ಬಿಟ್ಟುಕೊಡದೆ ಎಷ್ಟು ಹಗುರವಾಗಬಹುದೋ ಅಷ್ಟು ಹಗುರವಾದ ಚಕ್ರ ಎಂಬುದು ನನ್ನ ವಾದ. ಅದಕ್ಕೆ ಕಾರಣ ವೇಗವಲ್ಲ, ಟೈರು ರಸ್ತೆಯನ್ನು ಬಿಡದೆ ಹಿಡಿದಿರುವುದು.

ಇದಕ್ಕೆ ಒಳ್ಳೆಯ ಉದಾಹರಣೆ ಮಜ್ದಾ ಎಂಎಕ್ಸ್-5. 1989ರಲ್ಲಿ ಶಿಕಾಗೊ ಆಟೊ ಶೋನಲ್ಲಿ ಮೊದಲು ಕಾಣಿಸಿಕೊಂಡ ಎರಡು ಸೀಟಿನ ಈ ಕಾರು ಭಾರತದಲ್ಲಿ ಮಾರಾಟಕ್ಕಿಲ್ಲ, ಆದರೆ ಅಮೆರಿಕದಲ್ಲೋ ಬ್ರಿಟನ್ನಿನಲ್ಲೋ ನೆಲೆಸಿದ ಕನ್ನಡಿಗರಿಗೆ ಪರಿಚಿತವೇ. ಮೊದಲ ಪೀಳಿಗೆಯ ಕಾರು ಒಂದು ಟನ್ನಿಗಿಂತ ಕಡಿಮೆ ತೂಗುತ್ತಿತ್ತು. ಅದಕ್ಕೆ ಮಜ್ದಾ ಕೊಟ್ಟಿದ್ದು 14 ಇಂಚು ವ್ಯಾಸದ, ಐದೂವರೆ ಇಂಚು ಅಗಲದ ಚಕ್ರ. ಟೈರು 185/60 ಆರ್14. ಏಳು ಕಡ್ಡಿಗಳ ಆ ಅಲಾಯ್ ಚಕ್ರದ ತೂಕ ಸುಮಾರು ಐದೂವರೆ ಕಿಲೊ ಮಾತ್ರ. ಇಂದು ಮಾರುಕಟ್ಟೆಯಲ್ಲಿರುವ ಎಷ್ಟೋ ಬದಲಿ ಚಕ್ರಗಳು ಅದಕ್ಕಿಂತ ಭಾರ. ಅಂದರೆ ಹಣ ಕೊಟ್ಟು ಕಾರನ್ನು ಹದಗೆಡಿಸಿಕೊಳ್ಳುವುದು ಇಲ್ಲಿ ಬಹಳ ಸುಲಭ. ಇಂಗ್ಲೆಂಡಿನ ಲೋಟಸ್ ಕಂಪನಿ 1996ರಲ್ಲಿ ಎಲೀಸ್ ಕಾರನ್ನು ಮಾರುಕಟ್ಟೆಗೆ ತಂದಾಗಲೂ ಇದೇ ಹಾದಿ ಹಿಡಿದಿತ್ತು: ಮುಂದೆ 15 ಇಂಚಿನ ಚಕ್ರ, 185 ಮಿಲಿಮೀಟರ್ ಅಗಲದ ಟೈರು. ಚಕ್ರದ ಬಳಿಯ ತೂಕ ಇಳಿಸಲೆಂದು ಮೊದಮೊದಲ ಎಲೀಸ್‌ಗಳ ಬ್ರೇಕ್ ಡಿಸ್ಕನ್ನು ಕೂಡ ಎರಕದ ಕಬ್ಬಿಣದ ಬದಲು ಅಲ್ಯುಮಿನಿಯಂ ಆಧಾರಿತ ಮಿಶ್ರವಸ್ತುವಿನಲ್ಲಿ ಮಾಡಿದ್ದರು.

ಹಗುರ ಚಕ್ರದ ಪರವಾಗಿ ಮಾತನಾಡುವವರೇ ಆಗಾಗ ಒಂದು ತಪ್ಪು ಲೆಕ್ಕ ಹೇಳುತ್ತಾರೆ. ಚಕ್ರದಲ್ಲಿ ಒಂದು ಕಿಲೊ ಉಳಿಸಿದರೆ ಬಾಡಿಯಲ್ಲಿ ನಾಲ್ಕು ಕಿಲೊ, ಎಂಟು ಕಿಲೊ, ಹತ್ತು ಕಿಲೊ ಉಳಿಸಿದ ಹಾಗೆ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ವೇಗ ಏರುವ ವಿಷಯದಲ್ಲಿ ಅದು ಸಾಧ್ಯವೇ ಇಲ್ಲ. ಚಕ್ರ ಮುಂದಕ್ಕೂ ಸಾಗಬೇಕು, ತಿರುಗಲೂ ಬೇಕು. ಆದ್ದರಿಂದ ಅದರ ತೂಕಕ್ಕೆ ಎಂಜಿನ್ ಎರಡು ಬಾರಿ ಶಕ್ತಿ ಕೊಡಬೇಕಾಗುತ್ತದೆ ಎಂಬುದು ನಿಜ. ಆದರೆ ತೂಕವೆಲ್ಲ ಟೈರಿನ ಹೊರ ಅಂಚಿನಲ್ಲೇ ಇದ್ದರೂ ಅದರ ಪರಿಣಾಮ ಎರಡರಷ್ಟಾಗುತ್ತದೆಯೇ ಹೊರತು ಅದನ್ನು ಮೀರುವುದಿಲ್ಲ. ರಿಮ್ ಇರುವುದು ಟೈರಿನ ಒಳಗಡೆ. ಹಾಗಾಗಿ ಅದರ ತೂಕದ ಪರಿಣಾಮ ಸುಮಾರು ಒಂದೂವರೆ ಪಟ್ಟಿನ ಆಸುಪಾಸಿಗೆ ನಿಲ್ಲುತ್ತದೆ. ಒಂದೊಂದು ಚಕ್ರದಲ್ಲಿ ಎರಡು ಕಿಲೊ ಉಳಿಸಿದಿರಿ ಎನ್ನಿ. ನಾಲ್ಕಕ್ಕೆ ಎಂಟು ಕಿಲೊ, ವೇಗದ ಲೆಕ್ಕದಲ್ಲಿ ಹನ್ನೆರಡು ಕಿಲೊ. ಒಂದು ಟನ್ ಕಾರಿನಲ್ಲಿ ಇದು ಶೇಕಡಾ ಒಂದಕ್ಕಿಂತ ತುಸು ಹೆಚ್ಚು. ಅರ್ಧ ಟ್ಯಾಂಕ್ ಪೆಟ್ರೋಲ್ ಇದಕ್ಕಿಂತ ಹೆಚ್ಚು ತೂಗುತ್ತದೆ. ಬರೀ ವೇಗಕ್ಕಾಗಿ ದುಬಾರಿ ಚಕ್ರ ಕೊಳ್ಳುವವರಿಗೆ ಈ ಲೆಕ್ಕ ಮೊದಲೇ ತಿಳಿದಿರಬೇಕು.

ನಿಜವಾದ ಲಾಭ ಇರುವುದು ಸಸ್ಪೆನ್ಷನ್ನಿನಲ್ಲಿ. ಕಾರಿನ ತೂಕ ಎರಡು ಪಾಲು: ಸ್ಪ್ರಿಂಗುಗಳ ಮೇಲೆ ಕೂತಿರುವ ಬಾಡಿ, ಎಂಜಿನ್, ಜನ ಒಂದು ಪಾಲು; ಸ್ಪ್ರಿಂಗುಗಳ ಕೆಳಗಿರುವ ಚಕ್ರ, ಟೈರು, ಹಬ್, ಬ್ರೇಕು ಇನ್ನೊಂದು ಪಾಲು. ಚಕ್ರ ಒಂದು ಉಬ್ಬನ್ನು ಹತ್ತಿದಾಗ ಈ ಕೆಳಗಿನ ಪಾಲು ಮೇಲಕ್ಕೆ ಚಿಮ್ಮುತ್ತದೆ. ಅದನ್ನು ಮತ್ತೆ ರಸ್ತೆಗೆ ಒತ್ತಬೇಕಾದದ್ದು ಸ್ಪ್ರಿಂಗು ಮತ್ತು ಡ್ಯಾಂಪರ್. ಅದು ಭಾರವಾದಷ್ಟೂ ಹಿಂತಿರುಗುವುದು ತಡ. ಆ ಕ್ಷಣದಲ್ಲಿ ಟೈರಿನ ಹಿಡಿತ ಸಡಿಲ. ಹಗುರ ಕಾರಿಗೆ ಇದು ಏಕೆ ಹೆಚ್ಚು ಮುಖ್ಯವೆಂಬುದಕ್ಕೆ ಒಂದು ಅಂದಾಜು ಸಾಕು. ಒಂದು ಟನ್ ಕಾರಿನ ಪ್ರತಿ ಮೂಲೆಗೆ ಬರುವುದು 250 ಕಿಲೊ. ಅದರಲ್ಲಿ ಸ್ಪ್ರಿಂಗಿನ ಕೆಳಗಿನದು 30 ಕಿಲೊ ಎಂದುಕೊಳ್ಳೋಣ. ಟೈರೂ ಸೇರಿ ನಾಲ್ಕು ಕಿಲೊ ಹೆಚ್ಚು ತೂಗುವ ಚಕ್ರ ಹಾಕಿದರೆ ಆ ಪಾಲು ಶೇಕಡಾ 13ರಷ್ಟು ಏರುತ್ತದೆ. ಎರಡು ಟನ್ ಗಾಡಿಯಲ್ಲಿ ಈ ಪಾಲು 50 ಕಿಲೊ ಇದ್ದರೆ ಅದೇ ನಾಲ್ಕು ಕಿಲೊ ಶೇಕಡಾ 8 ಮಾತ್ರ. ಜೊತೆಗೆ, ಹಗುರ ಬಾಡಿಗೆ ಆ ಅದುರಾಟವನ್ನು ತಡೆದುಕೊಳ್ಳುವ ತೂಕವೂ ಇಲ್ಲ. ಕುಲುಕಾಟ ನೇರವಾಗಿ ಒಳಗೆ ಕೂತವರಿಗೆ ತಲುಪುತ್ತದೆ.

ಇದು ಕಾಗದದ ಮೇಲಿನ ಲೆಕ್ಕವಷ್ಟೇ ಎನ್ನುವವರಿಗೆ ಮಜ್ದಾ ತಾನೇ ಮಾಡಿದ ಒಂದು ಕೆಲಸವನ್ನು ತೋರಿಸಬಹುದು. ನಾಲ್ಕನೆಯ ಪೀಳಿಗೆಯ ಕಾರನ್ನು ಜಪಾನಿನಲ್ಲಿ ರೋಡ್‌ಸ್ಟರ್ ಎಂದೇ ಮಾರುತ್ತಾರೆ. ಅದರ ಅತ್ಯಂತ ಹಗುರ ಮಾದರಿಯ ತೂಕ 990 ಕಿಲೊ ಇತ್ತು. ಮೂರನೆಯ ಪೀಳಿಗೆಯಲ್ಲಿ ಚಕ್ರಕ್ಕೆ ಐದು ನಟ್ಟುಗಳಿದ್ದವು. ತೂಕ ಇಳಿಸುವ ಹಟದಲ್ಲಿ ಈ ಪೀಳಿಗೆಗೆ ಮತ್ತೆ ನಾಲ್ಕೇ ನಟ್ಟು. ಆಮೇಲೆ ಬಂದ 990ಎಸ್ ಎಂಬ ಮಾದರಿಗೆ ಚಕ್ರ ತಯಾರಿಸುವ ರೇಸ್ (Rays) ಕಂಪನಿಯ, ಒತ್ತಡದಲ್ಲಿ ಅದುಮಿ ರೂಪಿಸಿದ ಫೋರ್ಜ್ಡ್ ಚಕ್ರ ಹಾಕಿದರು. ಚಕ್ರವೊಂದಕ್ಕೆ ಉಳಿದಿದ್ದು ಸುಮಾರು 800 ಗ್ರಾಂ. ಅಷ್ಟಕ್ಕೇ ಎಂಜಿನಿಯರುಗಳು ಸ್ಪ್ರಿಂಗು, ಡ್ಯಾಂಪರುಗಳನ್ನು ಹೊಸದಾಗಿ ಹದಗೊಳಿಸಿದರು. ವ್ಯಾಸವನ್ನು 16 ಇಂಚಿನಲ್ಲೇ, ಟೈರನ್ನು 195 ಅಗಲದಲ್ಲೇ ಉಳಿಸಿಕೊಂಡರು. ಕಾರನ್ನು ಕಟ್ಟಿದವರೇ ಒಂದು ಕಿಲೊಗಿಂತ ಕಡಿಮೆ ವ್ಯತ್ಯಾಸವನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿರುವಾಗ, ಮೂರು ನಾಲ್ಕು ಕಿಲೊ ಹೇರಿ ಸಸ್ಪೆನ್ಷನ್ನನ್ನು ಹಾಗೆಯೇ ಬಿಡುವುದು ಆ ಕೆಲಸಕ್ಕೆ ಮಾಡುವ ಅನ್ಯಾಯ.

ದೊಡ್ಡ ಚಕ್ರದ ಪರ ಒಂದು ಬಲವಾದ ವಾದವಿದೆ. ವ್ಯಾಸ ಹೆಚ್ಚಿದಾಗ ಟೈರಿನ ಪಕ್ಕದ ಗೋಡೆ ಗಿಡ್ಡವಾಗುತ್ತದೆ, ಗಿಡ್ಡ ಗೋಡೆ ಕಡಿಮೆ ಬಳುಕುತ್ತದೆ, ಸ್ಟೀರಿಂಗ್ ತಿರುಗಿಸಿದೊಡನೆ ಕಾರು ತಿರುಗುತ್ತದೆ. ಇದು ಸುಳ್ಳಲ್ಲ. ಆದರೆ ಬೆಲೆ ಏನು? ಮೊದಲ ಪೀಳಿಗೆಯ ಎಂಎಕ್ಸ್-5ರ ಮೂಲ ಟೈರಿನ ಗೋಡೆ 111 ಮಿಲಿಮೀಟರ್, ಒಟ್ಟು ವ್ಯಾಸ ಸುಮಾರು 578. ಅದಕ್ಕೆ 17 ಇಂಚಿನ ಚಕ್ರದಲ್ಲಿ 205/40 ಟೈರು ಹಾಕಿದರೆ ಗೋಡೆ 82ಕ್ಕೆ ಇಳಿಯುತ್ತದೆ, ವ್ಯಾಸ ಸುಮಾರು 596ಕ್ಕೆ ಏರುತ್ತದೆ. ಹೆಚ್ಚಾದದ್ದು ಶೇಕಡಾ ಮೂರು. ಪ್ರತಿ ಗೇರಿನಲ್ಲೂ ರಸ್ತೆಗೆ ತಲುಪುವ ಎಳೆತ ಅಷ್ಟೇ ಕುಗ್ಗುತ್ತದೆ; ಹಗುರ ರಿಮ್ಮಿನಿಂದ ಗಳಿಸಿದ ಶೇಕಡಾ ಒಂದನ್ನು ಇದೊಂದೇ ನುಂಗಿಬಿಡುತ್ತದೆ. ಸ್ಪೀಡೊಮೀಟರ್ ನಿಜಕ್ಕಿಂತ ಕಡಿಮೆ ತೋರಿಸತೊಡಗುತ್ತದೆ. ಗುಂಡಿಯಲ್ಲಿ ರಿಮ್ ಬಾಗುವ ಸಂಭವವೂ ಹೆಚ್ಚು. ಸ್ಟೀರಿಂಗಿನ ಚುರುಕಷ್ಟೇ ಬೇಕಿದ್ದರೆ ಒಂದೇ ಇಂಚು ಏರಿ 15ರಲ್ಲಿ 195/50 ಟೈರು ಹಾಕಬಹುದು: ಗೋಡೆ ಸುಮಾರು 98 ಮಿಲಿಮೀಟರ್, ವ್ಯಾಸ 576, ಮೂಲಕ್ಕೆ ಹೆಚ್ಚುಕಡಿಮೆ ಸಮ. ಸ್ವಲ್ಪ ದೊಡ್ಡ ಬ್ರೇಕಿಗೂ ಜಾಗವಾಗುತ್ತದೆ. 14 ಇಂಚಿನಲ್ಲಿ ಒಳ್ಳೆಯ ಸ್ಪೋರ್ಟ್ಸ್ ಟೈರುಗಳ ಆಯ್ಕೆ ಈಗ ತೀರ ಕಡಿಮೆ. ಆ ದೃಷ್ಟಿಯಿಂದಲೂ ಈ ಒಂದು ಇಂಚಿನ ಏರಿಕೆಯನ್ನು ನಾನು ಒಪ್ಪುತ್ತೇನೆ. ಅದಕ್ಕೆ ಮೇಲಿನದು ಆ ಕಾರಿಗೆ ಬೇಡ.

ಅಗಲದ ವಿಷಯವೂ ಹೀಗೆಯೇ. ಟ್ರ್ಯಾಕಿನಲ್ಲಿ ಓಡಿಸುವವರು ಇದೇ ಪುಟ್ಟ ಕಾರಿಗೆ ಒಂಬತ್ತು ಇಂಚು ಅಗಲದ ರಿಮ್ಮು, 225ರ ಟೈರು ಹಾಕಿ ಸಮಯ ಕಡಿತಗೊಳಿಸುವುದುಂಟು; ಅದನ್ನು ಅಲ್ಲಗಳೆಯಲಾಗದು. ಆದರೆ ಅಲ್ಲಿ ಸ್ಪ್ರಿಂಗು ಬದಲಾಗಿರುತ್ತದೆ, ಟೈರು ಬೇರೆ ಜಾತಿಯದು, ಸುತ್ತು ಸುತ್ತಿ ಅದು ಚೆನ್ನಾಗಿ ಕಾದಿರುತ್ತದೆ. ರಸ್ತೆಯಲ್ಲಿ ಹಗುರ ಕಾರಿಗೆ ಅಗಲದ ಟೈರನ್ನು ಕಾಯಿಸುವಷ್ಟು ಭಾರವೇ ಇಲ್ಲ. ಟೈರು ನೆಲಕ್ಕೆ ತಾಗುವ ಜಾಗದ ವಿಸ್ತೀರ್ಣವನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಗಾಳಿಯ ಒತ್ತಡ. ಅಗಲ ಹೆಚ್ಚಿಸಿದರೆ ಆ ಜಾಗದ ಆಕಾರ ಬದಲಾಗುತ್ತದೆ, ವಿಸ್ತೀರ್ಣ ಅಷ್ಟಾಗಿ ಹಿಗ್ಗುವುದಿಲ್ಲ. ಮಳೆಯಲ್ಲಂತೂ ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಹಗುರ ಕಾರು ಅದನ್ನು ಕೆಳಕ್ಕೆ ಒತ್ತಲಾರದೆ ನೀರಿನ ಮೇಲೆ ಬೇಗ ತೇಲುತ್ತದೆ.

ಇನ್ನು ಚಕ್ರ ಹಬ್ಬಿನ ಮೇಲೆ ಕೂರುವ ಬಗೆ. ಮೊದಲ ಪೀಳಿಗೆಯ ಎಂಎಕ್ಸ್-5ಕ್ಕೆ ನಾಲ್ಕು ನಟ್ಟುಗಳು 100 ಮಿಲಿಮೀಟರ್ ವೃತ್ತದಲ್ಲಿರಬೇಕು ಎಂಬುದನ್ನು ಎಲ್ಲರೂ ನೋಡುತ್ತಾರೆ, ಎಡವುವುದು ಆಫ್‌ಸೆಟ್‌ನಲ್ಲಿ. ಚಕ್ರ ಹಬ್ಬಿಗೆ ಅಂಟುವ ಮೇಲ್ಮೈ ರಿಮ್ಮಿನ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬ ಅಳತೆ ಅದು. ಮೂಲ ಚಕ್ರಕ್ಕೆ 45 ಮಿಲಿಮೀಟರ್. ಅದರ ಬದಲು ಏಳು ಇಂಚು ಅಗಲದ, 35 ಆಫ್‌ಸೆಟ್ಟಿನ ಚಕ್ರ ಹಾಕಿದರೆ ಹೊರ ಅಂಚು 29 ಮಿಲಿಮೀಟರ್ ಆಚೆಗೂ ಒಳ ಅಂಚು 9 ಮಿಲಿಮೀಟರ್ ಒಳಕ್ಕೂ ಸರಿಯುತ್ತವೆ. ಇಷ್ಟನ್ನು ಕಾರು ತಾಳಿಕೊಳ್ಳುತ್ತದೆ. ಚಕ್ರ ಮಡ್‌ಗಾರ್ಡಿನಿಂದ ಇಣುಕಿದರೆ ಚಂದವೆಂದು ಆಫ್‌ಸೆಟ್ಟನ್ನು ಇನ್ನೂ ಇಳಿಸುತ್ತ ಹೋದಂತೆ ಬೇರಿಂಗಿಗೆ ಬೀಳುವ ಬಲ ಹೆಚ್ಚುತ್ತದೆ, ರಸ್ತೆಯ ಪ್ರತಿ ತಗ್ಗಿಗೂ ಸ್ಟೀರಿಂಗ್ ಕೈಯಲ್ಲಿ ಎಳೆದಾಡತೊಡಗುತ್ತದೆ. ಹಬ್ಬಿನ ನಡುವಿನ ಉಬ್ಬು 54.1 ಮಿಲಿಮೀಟರ್, ಹೊಸ ಚಕ್ರದ ನಡುರಂಧ್ರ ಅದಕ್ಕಿಂತ ದೊಡ್ಡದಿದ್ದರೆ ನಡುವೆ ಸರಿಯಾದ ಅಳತೆಯ ರಿಂಗ್ ಹಾಕಿಸಬೇಕು.

ಹಗುರ ಚಕ್ರ ಬೇಗ ಮುರಿಯುತ್ತದಲ್ಲವೇ ಎಂಬ ಅಂಜಿಕೆಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಉತ್ತರ, ಅದನ್ನು ಹೇಗೆ ಮಾಡಿದ್ದಾರೆ ಎಂಬುದರಲ್ಲಿದೆ. ಕರಗಿದ ಅಲ್ಯುಮಿನಿಯಂ ಅನ್ನು ಅಚ್ಚಿಗೆ ಸುರಿದು ಮಾಡಿದ ಚಕ್ರ ಅಗ್ಗ. ಆದರೆ ಅದು ಗಟ್ಟಿಯಾಗಿರಬೇಕಾದರೆ ದಪ್ಪವಾಗಿರಲೇಬೇಕು. ಎರಕ ಹೊಯ್ದ ಮೇಲೆ ರಿಮ್ಮಿನ ಸುತ್ತುಗೋಡೆಯನ್ನು ಕಾಯಿಸಿ ರೋಲರುಗಳಿಂದ ತೀಡಿ ತೆಳುವಾಗಿಸುವುದು ನಡುದಾರಿ, ಸಾಮಾನ್ಯ ಕೊಳ್ಳುವವರಿಗೆ ನಾನು ಸೂಚಿಸುವುದೂ ಅದನ್ನೇ. ಭಾರೀ ಒತ್ತಡದಲ್ಲಿ ಅಲ್ಯುಮಿನಿಯಂ ಗಟ್ಟಿಯನ್ನು ಅದುಮಿ ರೂಪಿಸುವ ಫೋರ್ಜ್ಡ್ ಚಕ್ರ ಎಲ್ಲಕ್ಕಿಂತ ಬಲ, ಬೆಲೆಯೂ ಹಲವು ಪಟ್ಟು. ರೇಸ್ ಕಂಪನಿ 1996ರಲ್ಲಿ ತಂದ ಟಿಇ37 ಇಂಥದ್ದು. 15 ಇಂಚಿನ, ಆರು ಇಂಚು ಅಗಲದ ಚಕ್ರ ಕೇವಲ 3.7 ಕಿಲೊ ತೂಗಿದ್ದರಿಂದಲೇ ಹೆಸರಿಗೆ ಆ 37 ಸೇರಿತು. ಒಳ್ಳೆಯ ಫೋರ್ಜ್ಡ್ ಚಕ್ರ ಪೆಟ್ಟಿಗೆ ಸಾಮಾನ್ಯವಾಗಿ ಸೀಳುವ ಬದಲು ಬಾಗುತ್ತದೆ. ಅಪಾಯವಿರುವುದು ಅದೇ ವಿನ್ಯಾಸವನ್ನು ಅಗ್ಗದ ಎರಕದಲ್ಲಿ ನಕಲು ಮಾಡಿದ ಚಕ್ರಗಳಲ್ಲಿ. ಜಪಾನಿನ ಜೆಡಬ್ಲ್ಯುಎಲ್ ಮುದ್ರೆಯನ್ನು ತಯಾರಕರು ತಾವೇ ಪರೀಕ್ಷೆ ನಡೆಸಿ ಹಾಕಿಕೊಳ್ಳಬಹುದು. ಜೊತೆಗೆ ವಿಐಎ ಮುದ್ರೆಯೂ ಇದ್ದರೆ ಹೊರಗಿನ ಸಂಸ್ಥೆಯ ಪರೀಕ್ಷೆಯನ್ನೂ ದಾಟಿದೆ ಎಂದರ್ಥ. ಚಕ್ರದ ಮೇಲೆ ಕೆತ್ತಿರುವ, ಅದು ಹೊರಬಲ್ಲ ಗರಿಷ್ಠ ಭಾರದ ಅಂಕೆಯನ್ನೂ ಓದಿಕೊಳ್ಳಬೇಕು.

ಅಂದವನ್ನು ಬದಿಗಿಡಿ ಎಂದು ನಾನು ಹೇಳಲಾರೆ. ಈ ಜಾತಿಯ ಕಾರನ್ನು ಯಾರೂ ಬರೀ ಉಪಯೋಗಕ್ಕೆಂದು ಕೊಳ್ಳುವುದಿಲ್ಲ, ನಿಲ್ಲಿಸಿದ ಮೇಲೂ ತಿರುಗಿ ನೋಡುವ ಖುಷಿ ಅದರ ಭಾಗವೇ. ಆದರೆ ಆಯ್ಕೆಯ ಕ್ರಮ ಮುಖ್ಯ. ಮೊದಲು ಟೈರಿನ ಅಳತೆ, ಆಮೇಲೆ ಆಫ್‌ಸೆಟ್, ಆಮೇಲೆ ತೂಕ ಮತ್ತು ತಯಾರಿಕೆಯ ಬಗೆ; ಇಷ್ಟರಲ್ಲಿ ಗೆದ್ದ ಚಕ್ರಗಳಲ್ಲಿ ಕಣ್ಣಿಗೆ ಹಿಡಿಸಿದ್ದನ್ನು ಆರಿಸಿದರೆ ಯಾವ ನಷ್ಟವೂ ಇಲ್ಲ. ಟೈರೂ ತೂಕದ ದೊಡ್ಡ ಪಾಲಾದ್ದರಿಂದ ಹೋಲಿಸುವಾಗ ಎರಡನ್ನೂ ಸೇರಿಸಿಯೇ ತೂಗಿ. ಹಾಕಿಸುವಾಗ ನಟ್ಟುಗಳನ್ನು ಗಾಳಿ ಗನ್ನಿನಲ್ಲಿ ಬಿಗಿದು ಬಿಡದೆ, ಕಾರಿನ ಕೈಪಿಡಿ ಹೇಳಿದ ಬಲಕ್ಕೆ ಟಾರ್ಕ್ ವ್ರೆಂಚಿನಲ್ಲಿ ಬಿಗಿಯಲು ಹೇಳಿ. ನೂರು ಕಿಲೊಮೀಟರ್ ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ಹೊಸ ಅಲಾಯ್ ಚಕ್ರ ಹಬ್ಬಿನ ಮೇಲೆ ಕೂತು ಹೊಂದಿಕೊಳ್ಳುವಾಗ ನಟ್ಟುಗಳು ತುಸು ಸಡಿಲವಾಗಿರಬಹುದು.