ಕೊಳಲು ಕೆಳಗಿಟ್ಟು ಹಾಡು

ಭಾನುವಾರ ಬೆಳಗ್ಗೆ, ಬೆಂಗಳೂರಿನ ಒಂದು ಮನೆಯ ಮಹಡಿ. ಶ್ರುತಿಪೆಟ್ಟಿಗೆ ಗುಂಯ್‌ಗುಡುತ್ತಿದೆ. ಒಂಬತ್ತು ವರ್ಷದ ಹುಡುಗಿ ಮಾಯಾಮಾಳವಗೌಳದಲ್ಲಿ ಜಂಟಿವರಸೆ ನುಡಿಸುತ್ತಾ ರಿಷಭದಲ್ಲಿ ಮತ್ತೆ ಮತ್ತೆ ಜಾರುತ್ತಾಳೆ. ಹೇಳಿಕೊಡುವವರಿಗೆ ಇನ್ನೂ ಮೂವತ್ತು ತುಂಬಿಲ್ಲ. ಹಿಂದಿನ ರಾತ್ರಿಯಷ್ಟೇ ಕಛೇರಿ ಮುಗಿಸಿ ಬಂದಿದ್ದಾರೆ.

"ಪುಟ್ಟಿ, ಕೊಳಲು ಕೆಳಗಿಡು. ಅದನ್ನೇ ಹಾಡು ನೋಡೋಣ."

ಹಾಡಿದಳು. ರಿಷಭ ಬಾಯಲ್ಲೂ ಒಂಚೂರು ಮೇಲಕ್ಕೆ ಸರಿದಿತ್ತು.

"ಗೊತ್ತಾಯ್ತಾ? ತಪ್ಪು ಬೆರಳಲ್ಲಿಲ್ಲ, ಕಿವೀಲಿದೆ."

ಕರ್ನಾಟಕ ಸಂಗೀತದ ಕೊಳಲಿಗೆ ಸ್ವರದ ರಂಧ್ರಗಳು 8. ಮೇಲಿನ ಎರಡು ಮುಚ್ಚಿದರೆ ಷಡ್ಜ, ಒಂದು ಮುಚ್ಚಿದರೆ ಚತುಶ್ರುತಿ ರಿಷಭ, ಎಲ್ಲ ತೆರೆದರೆ ಅಂತರ ಗಾಂಧಾರ. ಹೀಗೆ ಪೂರಾ ಮುಚ್ಚಿ ಪೂರಾ ತೆರೆಯುತ್ತಾ ಹೋದರೆ ತಾನಾಗಿ ಸಿಗುವುದು ಹರಿಕಾಂಭೋಜಿ. ಹಾಡುವ ಮಕ್ಕಳಿಗೆ ಮೊದಲ ಪಾಠ ಮಾಯಾಮಾಳವಗೌಳದ್ದು. ಕೊಳಲಿನ ಮಕ್ಕಳಿಗೆ ಅದು ಕಷ್ಟ. ಅದರ ಶುದ್ಧ ರಿಷಭಕ್ಕೆ ಎರಡನೆಯ ರಂಧ್ರವನ್ನು ಅರ್ಧ ಮಾತ್ರ ತೆರೆಯಬೇಕು. ವೀಣೆಗಾದರೆ ಮೆಟ್ಟಿಲಿದೆ. ಇಲ್ಲಿ ಅರ್ಧವೆಂದರೆ ಎಷ್ಟು ಅಂತ ಕಿವಿಯೇ ಬೆರಳಿಗೆ ಹೇಳಬೇಕು. ಅದಕ್ಕೇ ಎಷ್ಟೋ ಮೇಷ್ಟ್ರು ಹರಿಕಾಂಭೋಜಿಯಿಂದ ಪಾಠ ಶುರು ಮಾಡುತ್ತಾರೆ. ಇವರೂ ಹಾಗೇ. ಆದರೆ ಮೊದಲ ದಿನದಿಂದಲೂ ಹಾಡಿಸುತ್ತಾರೆ.

ಈ ದಾರಿ ಹೊಸದಲ್ಲ. 1933ರಲ್ಲಿ ಮೈಲಾಪುರದಲ್ಲಿ ಮೊದಲ ಕಛೇರಿ ಮಾಡಿದ ಪೋರ ಟಿ. ಆರ್. ಮಹಾಲಿಂಗಂ, ಎಲ್ಲರ ಬಾಯಲ್ಲಿ ಮಾಲಿ, ಮನೆಯಲ್ಲಿ ಕಲಿತದ್ದು ಹಾಡುಗಾರಿಕೆ. ಕೊಳಲನ್ನು ತಾನೇ ಎತ್ತಿಕೊಂಡದ್ದು. ಮುಂದೆ ಹಲವು ವರ್ಷ ಬೆಂಗಳೂರಿನಲ್ಲೇ ಇದ್ದ ಅವರು ಗಾಯನದ ಗಮಕವನ್ನು ಬಿದಿರಿಗೆ ಇಳಿಸಿದ ಬಗೆಯಿಂದ ಕೊಳಲಿನ ನಡೆಯೇ ಬದಲಾಯಿತು. ನಮ್ಮ ರುದ್ರಪಟ್ಟಣದಲ್ಲಿ 1978ರಲ್ಲಿ ಹುಟ್ಟಿದ ಶಶಾಂಕ್ ಸುಬ್ರಹ್ಮಣ್ಯಂ ಹನ್ನೆರಡನೆಯ ವಯಸ್ಸಿಗೇ ಮದರಾಸಿನ ಮ್ಯೂಸಿಕ್ ಅಕಾಡೆಮಿಯಲ್ಲಿ ಹಿರಿಯರಿಗೆ ಮೀಸಲಾದ ವೇಳೆಯಲ್ಲಿ ನುಡಿಸಿದವರು. ಅವರ ಗುರುಗಳಲ್ಲಿ ಆರ್. ಕೆ. ಶ್ರೀಕಂಠನ್, ಪಾಲ್ಘಾಟ್ ಕೆ. ವಿ. ನಾರಾಯಣಸ್ವಾಮಿ ಇದ್ದಾರೆ, ಇಬ್ಬರೂ ಗಾಯಕರು.

ಪುಟ್ಟಿಗೆ ಹೇಳಿಕೊಡುವ ಈ ಯುವ ಗುರುವಿನ ಮನೆಯಲ್ಲಿ ದೊಡ್ಡ ಮಕ್ಕಳ ನೋಟ್‌ಬುಕ್ ತೆರೆದು ನೋಡಿದೆ. ಕೀರ್ತನೆಯ ಸಾಹಿತ್ಯದ ಮೇಲೆ ಕೆಂಪು ಗೀಟುಗಳು. ಉಸಿರು ತೆಗೆದುಕೊಳ್ಳುವ ಜಾಗ ಅವು. ಮಾತಿನ ನಡುವೆ ಉಸಿರು ಕಡಿದರೆ ದೇವರ ಹೆಸರೇ ಎರಡು ತುಂಡಾಗುತ್ತದೆ. ಕೇಳುವವರ ಕಿವಿಗೆ ಕೊಳಲಿನ ಮಾತು ಬೀಳದಿರಬಹುದು, ಆದರೆ ಸಾಹಿತ್ಯ ಬಲ್ಲವರ ಉಸಿರು ಬೇರೆಯಾಗಿಯೇ ಕೇಳುತ್ತದೆ. ಇದನ್ನು ನಾನು ಪೂರ್ತಿ ನಂಬುತ್ತೇನೆ.

ವೇದಿಕೆಯ ಪಾಠವನ್ನೂ ಅವರು ಮಕ್ಕಳಿಂದ ಮುಚ್ಚಿಡುವುದಿಲ್ಲ. ಎ.ಸಿ. ಸಭಾಂಗಣದ ತಣ್ಣನೆ ಗಾಳಿಗೆ ಕೊಳಲಿನ ಶ್ರುತಿ ಇಳಿಯುತ್ತದೆ. ಪರದೆ ಏಳುವ ಮುನ್ನ ಬೆಚ್ಚಗಿನ ಉಸಿರು ತುಂಬಿ ಮಂದ್ರದಲ್ಲಿ ಉದ್ದಕ್ಕೆ ಊದುತ್ತಾ ನಿಲ್ಲುವುದನ್ನು ಅವರಿಗೆ ಮಾಡಿ ತೋರಿಸುತ್ತಾರೆ.

ಆವತ್ತು ಪಾಠದ ಹೊತ್ತು ಮುಗಿದರೂ ಹುಡುಗಿಯ ರಿಷಭ ಪೂರಾ ಕೂತಿರಲಿಲ್ಲ. "ವಾರವೆಲ್ಲಾ ಹಾಡ್ಕೋತಿರು" ಅಂದರು, ಅಷ್ಟೇ. ಕೊಳಲನ್ನು ಬಟ್ಟೆಚೀಲದಲ್ಲಿಟ್ಟು ಹೆಗಲಿಗೇರಿಸಿ ಅಪ್ಪನ ಕೈಹಿಡಿದು ಮೆಟ್ಟಿಲಿಳಿದಳು. ಸಸ ರಿರಿ ಅನ್ನುವ ಸಣ್ಣ ದನಿ ಗೇಟಿನವರೆಗೂ ಕೇಳಿಸಿತು.