ಪ್ರಾಥಮಿಕ ಶಾಲಾ ಮಕ್ಕಳ ಕೈಬಲ ಮತ್ತು ದೈಹಿಕ ಬೆಳವಣಿಗೆ

ಅರ್ಧ ಪುಟ ಬರೆಯುವಷ್ಟರಲ್ಲಿ ಪೆನ್ಸಿಲ್ ಕೆಳಗಿಟ್ಟು ಬೆರಳು ಹಿಸುಕಿಕೊಳ್ಳುವ ಮಗುವನ್ನು ಸೋಮಾರಿಯೆಂದು ಕರೆಯುವ ರೂಢಿ ಅನೇಕ ಕಡೆ ಇದೆ. ಆ ನಿಧಾನಕ್ಕೆ ಕಾರಣ ಮಗುವಿನ ಕೈಯ ಸ್ನಾಯುಗಳಲ್ಲಿಯೇ ಇರುವುದುಂಟು. ಶಾಲೆಗಳಿಗೆ ಭೇಟಿ ನೀಡುವ ಗ್ರಾಮ ಪಂಚಾಯಿತಿ ಸದಸ್ಯರು ಈ ಅಂಶವನ್ನು ಅರಿತಿರುವುದು ಅವಶ್ಯ.

ಮಣಿಕಟ್ಟಿನಲ್ಲಿ 8 ಚಿಕ್ಕ ಮೂಳೆಗಳಿವೆ. ಜನನದ ವೇಳೆ ಇವು ಮೃದ್ವಸ್ಥಿಯ ರೂಪದಲ್ಲಿದ್ದು, ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಗೊಳ್ಳುತ್ತವೆ. ಕೊನೆಯದು ಗಟ್ಟಿಯಾಗತೊಡಗುವುದು ಸುಮಾರು 9ರಿಂದ 12ನೆಯ ವಯಸ್ಸಿನಲ್ಲಿ. ಒಂದನೆಯ ತರಗತಿಯ ಮಗುವಿಗೆ ಪುಟಗಟ್ಟಲೆ ಕಾಪಿ ಬರೆಸುವುದು ಇನ್ನೂ ಪೂರ್ಣವಾಗಿ ಬಲಿಯದ ಕೈಗೆ ಹೊರೆ ಹೊರಿಸಿದಂತೆ.

ಕೈಯ ಹಿಡಿತವನ್ನು ಡೈನಮೊಮೀಟರ್ ಎಂಬ ಉಪಕರಣದಿಂದ ಕಿಲೋಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ. ವೈದ್ಯರು ಇದನ್ನು ಕೈಗೆ ಮಾತ್ರ ಸೀಮಿತಗೊಳಿಸದೆ ಇಡೀ ದೇಹದ ಸ್ನಾಯುಬಲದ ಸೂಚಕವಾಗಿಯೂ ಪರಿಗಣಿಸುತ್ತಾರೆ. ವಯಸ್ಸು, ಎತ್ತರ, ತೂಕ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ. ಪ್ರಾಥಮಿಕ ಹಂತದಲ್ಲಿ ಬಾಲಕ ಬಾಲಕಿಯರ ನಡುವಿನ ಅಂತರ ಅಲ್ಪ. ಅದು ಎದ್ದು ಕಾಣುವುದು ಹರೆಯದಲ್ಲಿ. ಹೆಣ್ಣುಮಕ್ಕಳನ್ನು ಕಬಡ್ಡಿ, ಹಗ್ಗಜಗ್ಗಾಟಗಳಿಂದ ದೂರವಿಡಲು ಇಲ್ಲಿ ಯಾವ ಆಧಾರವೂ ಇಲ್ಲ.

ಆದರೆ ಒಂದೇ ತರಗತಿಯ ಮಕ್ಕಳನ್ನು ಪರಸ್ಪರ ಹೋಲಿಸುವಾಗ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ 9 ವರ್ಷದ ಮಗುವಿನ ಮಧ್ಯಮ ಎತ್ತರ ಸುಮಾರು 132 ಸೆಂ.ಮೀ.; ಸುಮಾರು 120 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಅದನ್ನು ಕುಂಠಿತ ಬೆಳವಣಿಗೆ ಎನ್ನಲಾಗುತ್ತದೆ. ಗಿಡ್ಡ ಮಗುವಿನ ಹಿಡಿತ ಎತ್ತರದ ಮಗುವಿನದಕ್ಕಿಂತ ಕಡಿಮೆಯಿರುವುದು ಸಹಜ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೆಳವಣಿಗೆ ಏಕೆ ಕುಂಠಿತವಾಯಿತು ಎಂಬುದು. ಎತ್ತರ ಸರಿಯಿದ್ದೂ ಹಿಡಿತ ತೀರಾ ದುರ್ಬಲವಾಗಿದ್ದರೆ ಆಹಾರ, ರಕ್ತಹೀನತೆ, ಜಂತುಹುಳುವಿನ ಬಾಧೆ, ಆಟದ ಕೊರತೆ ಇವುಗಳತ್ತ ಗಮನ ಹರಿಸಬೇಕಾಗುತ್ತದೆ.

ಶಾಲೆಯ ಮಧ್ಯಾಹ್ನದ ಊಟಕ್ಕೆ 1ರಿಂದ 5ನೆಯ ತರಗತಿಯವರೆಗೆ ನಿಗದಿಯಾದ ಪ್ರಮಾಣ 450 ಕಿಲೋಕ್ಯಾಲೊರಿ ಹಾಗೂ 12 ಗ್ರಾಂ ಪ್ರೋಟೀನ್. ಇದರ ಜೊತೆಗೆ 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲೂ ಇದೆ. ಸ್ನಾಯು ಕಟ್ಟುವುದು ಪ್ರೋಟೀನಿನಿಂದ; ಆದುದರಿಂದ ಸಾರಿನಲ್ಲಿ ಬೇಳೆ ಎಷ್ಟಿದೆ ಎಂಬುದನ್ನು ಸದಸ್ಯರು ಸ್ವತಃ ಸೌಟು ಹಾಕಿ ನೋಡುವುದು ಯಾವ ವರದಿಗಿಂತಲೂ ಹೆಚ್ಚು ಉಪಯುಕ್ತ. ಜಂತುಹುಳು ನಿವಾರಣಾ ದಿನದಂದು ಗೈರಾದ ಮಕ್ಕಳಿಗೆ ಮಾತ್ರೆ ಅನಂತರ ದೊರೆಯಿತೇ ಎಂದು ವಿಚಾರಿಸುವುದೂ ಅಷ್ಟೇ ಅಗತ್ಯ.

ಆಹಾರ ದೊರೆತರೂ ಬಳಸದ ಸ್ನಾಯು ಬಲಗೊಳ್ಳದು. ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಆಟ, ವಾರದಲ್ಲಿ ಕನಿಷ್ಠ 3 ದಿನ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮರಕೋತಿ ಆಡಿ, ಕೊಂಬೆಗೆ ಜೋತುಬಿದ್ದು ಬೆಳೆಯುತ್ತಿದ್ದ ಕೈಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಿಕ್ಕ ಮಕ್ಕಳಿಗೆ ಜೇಡಿಮಣ್ಣು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಕಾಗದ ಹರಿದು ಅಂಟಿಸುವುದು ಸಾಕು. ಕೈಬಲದ ಹೆಸರಿನಲ್ಲಿ ಮಕ್ಕಳಿಂದ ನೀರಿನ ಕೊಡ, ಇಟ್ಟಿಗೆ ಹೊರಿಸುವುದು ಮಾತ್ರ ಸರ್ವಥಾ ಸಲ್ಲದು.

ಉದ್ಯೋಗ ಖಾತರಿ ಯೋಜನೆಯಡಿ ರಾಜ್ಯದ ಅನೇಕ ಗ್ರಾಮಗಳಲ್ಲಿ ಶಾಲಾ ಆಟದ ಮೈದಾನಗಳು ನಿರ್ಮಾಣವಾಗಿವೆ. ಅಂತಹ ಮೈದಾನದ ಅಂಚಿನಲ್ಲಿ ಎರಡು ಎತ್ತರದ ಕಬ್ಬಿಣದ ಅಡ್ಡಕಂಬಿ, ಅದರ ಕೆಳಗೆ ಮರಳಿನ ಹಾಸು ಇದ್ದರೆ ಮಕ್ಕಳು ತಾವೇ ಜೋತಾಡುತ್ತಾರೆ. ವೆಚ್ಚ ಅಲ್ಪ, ನಿರ್ವಹಣೆಯೂ ಸುಲಭ.

ಪ್ರತಿ ಶಾಲೆಯಲ್ಲಿ ಎತ್ತರ ಮತ್ತು ತೂಕದ ದಾಖಲೆ ಇರುತ್ತದೆ. ಹಿಂದಿನ ವರ್ಷದ ಪುಟವನ್ನು ಪಕ್ಕದಲ್ಲಿಟ್ಟು ಓದುವವರು ವಿರಳ. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆದು 2ರಿಂದ 3 ಕಿಲೋಗ್ರಾಂ ತೂಗಬೇಕಾದ ಕಡೆ ಅಂಕಿ ಕದಲದೆ ನಿಂತಿದ್ದರೆ, ಮೊದಲು ತೂಕದ ಯಂತ್ರ ಸರಿಯಿದೆಯೇ ಎಂದು ಪರೀಕ್ಷಿಸಿ, ಬಳಿಕ ಆ ಮಗುವನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡಕ್ಕೆ ತೋರಿಸಲು ಮುಖ್ಯ ಶಿಕ್ಷಕರಿಗೆ ಸೂಚಿಸಬಹುದು. ಮಗುವಿನ ಹೆಸರನ್ನು ಸಭೆಯಲ್ಲಿ ಓದತಕ್ಕದ್ದಲ್ಲ. ಮಕ್ಕಳ ಗ್ರಾಮಸಭೆಯಲ್ಲಿ ಇಂತಹ ಮಕ್ಕಳ ಸಂಖ್ಯೆಯನ್ನು ಮಾತ್ರ ಮಂಡಿಸಿದರೆ ಸಾಕು.