ಗುರುವಿನ ಮುಂದೆ ಚಂದ್ರ: ನೆರಳನ್ನು ಮೊದಲು ಹುಡುಕಿ

ಗುರು ಗ್ರಹದ ಮುಂದೆ ಅದರ ಚಂದ್ರನೊಂದು ಹಾದುಹೋಗುವುದನ್ನು ನೋಡಲು ಟೆಲಿಸ್ಕೋಪಿಗೆ ಕಣ್ಣಿಟ್ಟವರು ಸಾಮಾನ್ಯವಾಗಿ ಚಂದ್ರನನ್ನೇ ಹುಡುಕಿ ಸುಸ್ತಾಗುತ್ತಾರೆ. ಹುಡುಕಬೇಕಾದ್ದು ಅದರ ನೆರಳನ್ನು. ಗುರುವಿನ ಚಂದ್ರರಾದ ಅಯೋ, ಯುರೋಪಾ ಎರಡೂ ಬೆಳ್ಳಗಿವೆ. ಹಿಂದಿರುವ ಗುರುವಿನ ಮೋಡಗಳೂ ಬೆಳ್ಳಗೇ. ನೆರಳು ಮಾತ್ರ ಸೂಜಿಮೊನೆಯಲ್ಲಿ ಇಟ್ಟ ಮಸಿಚುಕ್ಕೆಯಂತೆ ಎದ್ದು ಕಾಣುತ್ತದೆ. ಆ ಚುಕ್ಕೆಯೊಳಗೆ ಆಗ ಪೂರ್ಣ ಸೂರ್ಯಗ್ರಹಣ.

ಗೆಲಿಲಿಯೊ 1610ರಲ್ಲಿ ಕಂಡ ನಾಲ್ಕು ಚಂದ್ರರಲ್ಲಿ ಅಯೋ ಎಲ್ಲಕ್ಕಿಂತ ಒಳಗಿನದು. ಸುಮಾರು 42 ಗಂಟೆ 30 ನಿಮಿಷಕ್ಕೊಮ್ಮೆ ಗುರುವನ್ನು ಸುತ್ತುವ ಅದಕ್ಕೆ, ಸೆಕೆಂಡಿಗೆ 17 ಕಿ.ಮೀ. ವೇಗದಲ್ಲಿ ಓಡಿದರೂ ಬಿಂಬವನ್ನು ದಾಟಲು ಎರಡು ಗಂಟೆಗೂ ಹೆಚ್ಚು ಬೇಕು. ಹಾಗಾಗಿ ಆತುರ ಬೇಡ. ಆದರೆ ಆರಂಭವನ್ನು ತಪ್ಪಿಸಿಕೊಳ್ಳಬೇಡಿ. ಅಯೋ ಬಿಂಬದ ಅಂಚನ್ನು ಮುಟ್ಟಿದಾಗ ಅಲ್ಲೊಂದು ಪುಟ್ಟ ಗುಬುಟು ಎದ್ದಂತೆ ಕಾಣುತ್ತದೆ. ಗುರುವಿನ ಅಂಚು ನಡುಭಾಗಕ್ಕಿಂತ ಮಂಕು. ಆದ್ದರಿಂದ ಒಳಗೆ ಬಂದ ಮೇಲೂ ಕೆಲವು ನಿಮಿಷ ಅಯೋ ಹೊಳೆಯುವ ಚುಕ್ಕೆಯಾಗಿ ಉಳಿಯುತ್ತದೆ. ಆಮೇಲೆ ಮೋಡಗಳಲ್ಲಿ ಕರಗಿಹೋಗುತ್ತದೆ. ಕ್ಯಾಲಿಸ್ಟೋ ಮಾತ್ರ ಬೇರೆ ಜಾತಿ: ಅದರ ಮೈಯೇ ಕಪ್ಪು, ಹೀಗಾಗಿ ಅದನ್ನೇ ನೆರಳೆಂದು ಭ್ರಮಿಸುವುದುಂಟು.

ಗುರು ಭೂಮಿಯಿಂದ ಸೂರ್ಯನಿಗೆ ನೇರ ಎದುರು ಕಾಣುವ ದಿನ ಸುಮಾರು 13 ತಿಂಗಳಿಗೊಮ್ಮೆ ಬರುತ್ತದೆ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ನೆರಳು ಮುಂದೆ, ಚಂದ್ರ ಹಿಂದೆ; ಆ ದಿನದ ಆಸುಪಾಸಿನಲ್ಲಿ ಎರಡೂ ಅಂಟಿಕೊಂಡಂತೆ; ಆಮೇಲೆ ಚಂದ್ರ ಮುಂದೆ, ನೆರಳು ಹಿಂದೆ. ಬೆಳಕು ಬೀಳುವ ಕೋನ ಬದಲಾಗುವುದೇ ಇದಕ್ಕೆ ಕಾರಣ.

ಚಂದ್ರ, ನೆರಳು ಯಾವಾಗ ಹಾದುಹೋಗುತ್ತವೆಂದು ಹೇಳುವ ವೇಳಾಪಟ್ಟಿಗಳು ಹೆಚ್ಚಾಗಿ ವಿಶ್ವ ಸಮಯದಲ್ಲಿ (UT) ಇರುತ್ತವೆ. ಭಾರತದ ಸಮಯ ತಿಳಿಯಲು ಅದಕ್ಕೆ 5 ಗಂಟೆ 30 ನಿಮಿಷ ಕೂಡಿಸಬೇಕು. ದಿನಾಂಕವೂ ಬದಲಾಗಬಹುದು: ಪಟ್ಟಿಯಲ್ಲಿ 5ನೇ ತಾರೀಖು 19:00 ಎಂದಿದ್ದರೆ ನಮಗೆ ಅದು 6ರ ನಡುರಾತ್ರಿ 12:30. ಲೆಕ್ಕದ ತಲೆನೋವೇ ಬೇಡವೆಂದರೆ ಉಚಿತವಾಗಿ ಸಿಗುವ ಸ್ಟೆಲೇರಿಯಂ ತಂತ್ರಾಂಶದಲ್ಲಿ ನಿಮ್ಮ ಊರು, ದಿನಾಂಕ ಕೊಟ್ಟು ಗುರುವನ್ನು ದೊಡ್ಡದು ಮಾಡಿ ನೋಡಿ.

ನಾಲ್ಕು ಇಂಚಿನ ಟೆಲಿಸ್ಕೋಪ್, 100ರಿಂದ 150 ಪಟ್ಟು ವರ್ಧನೆ ಸಾಕು. ಹಗಲೆಲ್ಲ ಕಾದ ತಾರಸಿ ರಾತ್ರಿಯೂ ಬಿಸಿ ಉಗುಳುತ್ತ ಬಿಂಬವನ್ನು ಕುಣಿಸುತ್ತದೆ. ಮಣ್ಣಿನ ಅಂಗಳ ಸಿಕ್ಕರೆ ಅದೇ ವಾಸಿ. ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಟ್ಟು ಗಾಳಿಗೆ ಒಗ್ಗಲು ಬಿಡಿ. ಗುರು ಆಕಾಶದಲ್ಲಿ ಮೇಲೇರಿದಷ್ಟೂ ಚಿತ್ರ ಸ್ಥಿರ.

ಒಂದೇ ಹೊತ್ತಿಗೆ ಮೂರು ನೆರಳು ಬೀಳುವುದೂ ಉಂಟು, ಅಪರೂಪಕ್ಕೆ. ಅಯೋ, ಯುರೋಪಾ, ಗ್ಯಾನಿಮೀಡ್‌ಗಳ ಸುತ್ತಾಟ ಒಂದಕ್ಕೊಂದು ತಳುಕು ಹಾಕಿಕೊಂಡಿರುವುದರಿಂದ ಆ ಮೂರೂ ಒಟ್ಟಿಗೆ ಗುರುವಿನ ಮುಂದೆ ಬರುವುದಿಲ್ಲ. ಮೂರನೆಯದಾಗಿ ಕ್ಯಾಲಿಸ್ಟೋ ಸೇರಲೇಬೇಕು. 2015ರ ಜನವರಿ 24ರಂದು ಹಾಗಾಯಿತು, ಆದರೆ ಭಾರತದಲ್ಲಿ ಆಗ ಮಟಮಟ ಮಧ್ಯಾಹ್ನ. ಅಂಥದ್ದಕ್ಕೆ ಕಾಯುತ್ತ ಕೂರಬೇಡಿ. ನಾಲ್ವರಲ್ಲಿ ದೊಡ್ಡವನಾದ ಗ್ಯಾನಿಮೀಡ್‌ನ ನೆರಳು ಸುಲಭವಾಗಿ ಕಾಣುತ್ತದೆ. ಮೊದಲ ಸಲಕ್ಕೆ ಅದು ಬೀಳುವ ರಾತ್ರಿಯನ್ನೇ ಆರಿಸಿಕೊಳ್ಳಿ.